ಸುಣ್ಣದ ಲೆಕ್ಕ

ಹನ್ನೊಂದು ಚೀಲ ಬಂದಾವು, ಎಂಟಕ್ಕ ಲೆಕ್ಕ ಐತಿ,
ಉಳಿದ ಮೂರು ಎಲ್ಲಿ ಅಂತ ಕೇಳ್ತೀರಿ.
ಕುಂದರ್ರಿ ಸಾಹೇಬ್ರ, ಫ್ಯಾನಿನ ಕೆಳಗ ಕುಂದರ್ರಿ,
ಗಂಗಾವತಿ ಬಿಸಿಲಿಗೆ ಹೊಸಬರಿದ್ದೀರಿ.
ಸುಣ್ಣ ಬಂದದ್ದು ಗಟಾರಕ್ಕ, ಖರೆ.
ಗಟಾರಕ್ಕೂ ಹಾಕೀನಿ. ಆದರ ಸುಣ್ಣಕ್ಕ
ತಾನು ಯಾವ ಖಾತೇದು ಅಂತ ಗೊತ್ತಿರಂಗಿಲ್ಲ.
ನೆಲಕ್ಕ ಬಿತ್ತಂದ್ರ ಅದು ಬೆಳ್ಳಗ ಒಂದು ಗೆರಿ.

ನಸುಕಿನ್ಯಾಗ ನಾಕೂವರಿಗೆ ಗೇಟ್ ತಗೀತೀನಿ.
ನಗರಸಭೆ ಕೊಟ್ಟದ್ದು ಈ ಗೇಟು, ಒಂದು ನಳ,
ಎರಡು ಕಂಬ. ಒಂದರಾಗ ದೀಪ,
ಇನ್ನೊಂದರ ಬುಟ್ಟಿಯೊಳಗ ಗುಬ್ಬಿ ಸಂಸಾರ.
ಮತ್ತ ನಾನು, ಯಮನೂರಪ್ಪ, ಹೊರಗುತ್ತಿಗೆ.
ಇಷ್ಟ ರೀ ಆಸ್ತಿ.

ಮೊದಲು ಬರವರು ಸಕ್ಕರಿ ಕಾಯಿಲಿ ಮಂದಿ,
ಗ್ವಾಡಿಗುಂಟ, ಒಬ್ಬರ ಹಿಂದ ಒಬ್ಬರು.
ಬಸಲಿಂಗಮ್ಮ ಟೀಚರ್ ಸುತ್ತು ಎಣಸ್ತಾಳ
ಹುಣಸಿ ಬೀಜದಾಗ, ಈ ಕೈಯಿಂದ ಆ ಕೈಗೆ.
ಡಾಕ್ಟರು ಹೇಳಿದ್ದು ಎಂಟು. ಆಕಿ ಹಾಕೂದು ಒಂಬತ್ತು.
ಒಂಬತ್ತನೇದು, ಅಂತಾಳ, ಮನ್ಯಾಗ ಮಲಗಿದಾತಂದು.

ಅವರು ಹೋಗೂದ್ರಾಗ ಗೆರಿ ಆಗಬೇಕು.
ಟೇಪಿಲ್ಲ ನನ್ನ ಕಡೆ. ಅಕ್ಕಿ ಚೀಲ ಹೊಲಿಯೋ ಸುತಳಿ,
ಮೀಟರಿಗೊಂದು ಗಂಟು ಹಾಕಿಟ್ಟೀನಿ.
ಡಬ್ಬಿ ತಳಕ್ಕ ಮಳಿ ಹೊಡದು ತೂತು ಮಾಡಿ,
ಬಗ್ಗಿ, ಹಿಂದಕ್ಕ ಹಿಂದಕ್ಕ ನಡೀಬೇಕು.
ಮುಂದ ನೋಡಿ ನಡದ್ರ ಗೆರಿ ಡೊಂಕ ಬೀಳತೈತಿ.
ಹದಿನೆಂಟು ವರ್ಷ ಹಿಂದಕ್ಕ ನಡದೀನ್ರಿ ನಾನು,
ನಡುವು ಕೇಳ್ರಿ, ಅದು ಹೇಳತೈತಿ.

ಸಂಜಿಕ್ಕ ಖೋ ಖೋ ಹುಡುಗ್ಯಾರು.
ಮುರ್ತುಜಬಿ, ತಿಮ್ಮಕ್ಕ, ಕ್ಯಾಂಪಿನಿಂದ ಬರೋ ಸತ್ಯವೇಣಿ.
ಕುಂತಾಕಿ ಬೆನ್ನಿಗೆ ಓಡಿಬಂದಾಕಿ ಕೈ ಬೀಳತೈತಿ.
ಈ ಹುಡುಗ್ಯಾರ ಬೆನ್ನಿಗೆ ಕೈ ಬೀಳೂದು ಹೊಸಾದಲ್ರಿ.
ಇಲ್ಲಿ ಮಾತ್ರ ಅದರ ಅರ್ಥ:
ಏಳು, ಈಗ ನಿನ್ನ ಪಾಳಿ.

ರಾತ್ರಿ ಎಂಟರ ಮ್ಯಾಲೆ ಮಿಲ್ಲಿನ ಹಮಾಲರು,
ರೆಪ್ಪಿಗೆಲ್ಲಾ ತೌಡು ಹತ್ತಿರತೈತಿ.
ಒಂದ ದೀಪ, ಅದಕ್ಕ ಆ ಕಡಿ ತಂಡಕ್ಕ ಚೆಂಡು ಕಾಣಂಗಿಲ್ಲ,
ಶಬ್ದ ಕೇಳಿ ಹೊಡೀತಾರ.
ಎಪ್ಪತ್ತೈದು ಕಿಲೋ ಹೊರೂದು ಹೊಟ್ಟಿಗಿ,
ಪಾವು ಕಿಲೋ ಎತ್ತೂದು ನನಗ, ಅಂತಾನ ರಾಜಾಬಕ್ಷಿ,
ಅಂದು ಎಗರ್ತಾನ ನೋಡ್ರಿ,
ಆ ಎತ್ತರದಾಗ ಅವನ ಹೆಗಲ ಮ್ಯಾಲೆ ಏನೂ ಇರಂಗಿಲ್ಲ.

ಏಳಕ್ಕ ಬೀಗ ಹಾಕ್ರಿ ಅಂತ ಸುತ್ತೋಲೆ ಐತಿ. ಐತ್ರಿ.
ನನ್ನ ಗಡಿಯಾರ ಸ್ವಲ್ಪ ಹಿಂದ ಓಡತೈತಿ.

ಹೋದ ವರ್ಷ ಎಂಜಿನಿಯರ್ ಬಂದಿದ್ರು, ಅವರ ಸುಣ್ಣ ಅವರ ತಂದಿದ್ರು.
ನಲವತ್ತೆರಡು ಮಳಿಗಿ, ಹತ್ತು ಬೈ ಹನ್ನೆರಡು,
ಗೆರಿ ಹೊಡದು ನಂಬರ್ ಬರದು ಚಾ ಕುಡದು ಹೋದ್ರು.
ಆವತ್ತು ರಾತ್ರಿ ವಾಲಿಬಾಲ್ ಆಡಲಿಲ್ಲ ಯಾರೂ.
ಮರುದಿನ ಕಾಲೋನಿ ಹುಡುಗ್ರು ನೋಡಿದ್ವು:
ಇಷ್ಟುದ್ದ ಕುಂಟಬಿಲ್ಲೆ ಹುಟ್ಟಿದಾಗಿಂದ ನೋಡಿದ್ದಿಲ್ಲ!
ಮಳಿಗಿ ಒಂದರಿಂದ ಕುಂಟಗಾಲಲೆ ಹೊಂಟ್ವು.
ಮನಿ ದೊಡ್ಡವು, ಜಿಗಿದ್ರ ಮುಟ್ಟಂಗಿಲ್ಲ,
ಯಮನೂರಪ್ಪಜ್ಜ, ನಡುವ ಒಂದೊಂದು ಗೆರಿ ಹಾಕಿಕೊಡು ಅಂದ್ವು.
ಹಾಕಿಕೊಟ್ಟೆ. ಬರಕೊಳ್ರಿ, ಅರ್ಧ ಚೀಲ ಅಲ್ಲಿ.
ಮುಂದ ಮಳಿ ಬಂತು, ಎಲ್ಲಾ ತೊಳದು ಹೋತು.
ಫೈಲು ಮಾತ್ರ ಐತಂತ, ಮ್ಯಾಲೆ ಎಲ್ಲೋ.
ಮಳಿ ಫೈಲಿನ ತನಕಾ ಬರಂಗಿಲ್ಲ.

ಉಳಿದ ಎರಡೂವರಿ?
ಅದಕ್ಕ ರಸೀದಿ ತೋರಸು ಅಂದ್ರ
ಮನಿ ಮನಿಗೆ ಹೋಗಬೇಕಾಗತೈತಿ ನೀವು.
ತಿಮ್ಮಕ್ಕನ ಅಂಗಾಲಾಗ ಒಂದು ಚಿಟಿಕಿ ಹೋಗೈತಿ,
ಹಮಾಲರ ಮೊಣಕಾಲಿಗೆ ಹತ್ತಿ ಹೋಗೈತಿ,
ಟೀಚರಮ್ಮನ ಸೀರಿ ಅಂಚಿನ್ಯಾಗ ಸ್ವಲ್ಪ.
ದಿನಾ ಅಷ್ಟಷ್ಟು ಊರೊಳಗ ಹೋಗಿ
ಹೊಸ್ತಿಲದಾಗ ಉದುರೈತಿ.
ಗುಡಿಸಿ ಒಯ್ದು ಗಟಾರಕ್ಕ ಹಾಕಿರ್ತಾರ ಬಿಡ್ರಿ,
ಲೆಕ್ಕ ಸರಿಹೋತು.

ಪಗಾರದಾಗ ಹಿಡೀತೀರಾ, ಹಿಡೀರಿ.
ಖರೆ ಈ ಸೋಮವಾರಕ್ಕ ಅರ್ಧ ಚೀಲ ಬೇಕ್ರಿ,
ಕಾರಟಗಿ ಹುಡುಗ್ಯಾರು ಬರಾಕತ್ತಾರ ಮ್ಯಾಚಿಗೆ.
ನೀವೂ ಬರ್ರಿ.
ಬರೋ ಮುಂದ ಸ್ವಲ್ಪ ಕೆಳಗ ನೋಡಿ ಬರ್ರಿ,
ಗೆರಿ ತುಳದ್ರ ಮತ್ತ ನಾನ ಬಗ್ಗಬೇಕು.